ಕೈಗೆ ಕೊಟ್ಟ ಚಾಕು

ಚಂದನಾ, ತೇಜಸ್,

ಹೋದ ಭಾನುವಾರ ಊಟವಾದ ಮೇಲೆ ನೀವಿಬ್ಬರೂ ನನ್ನ ಪಕ್ಕ ಕೂತು ಮೊಬೈಲಿನಲ್ಲಿ ಚಾಕುಗಳನ್ನು ತೋರಿಸಿದಿರಿ. ಚಂದನಾ, ನಿನಗೆ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಬ್ಯಾಗಿನಲ್ಲಿ ಯಾವಾಗಲೂ ಇಟ್ಟುಕೊಳ್ಳಲು ಒಂದು ಮಡಚುವ ಚಾಕು ಬೇಕು ಎಂದೆ. ತೇಜಸ್ ಒಂದೊಂದಾಗಿ ಸರಿಸುತ್ತ ಹೋದ. ಕಪ್ಪು ಬಣ್ಣದ್ದು, ಗರಗಸದ ಹಲ್ಲಿನದು, ಹಿಂದೆ ಸೀಟಿ ಇರುವುದು, ಒಂದರಲ್ಲಿ ಟಾರ್ಚೂ ಇತ್ತು. ನಿಮ್ಮ ಅಮ್ಮ ಅಡುಗೆ ಮನೆಯಿಂದಲೇ, ಹೆಣ್ಣುಮಗಳಿಗೆ ಚಾಕು ಯಾಕೆ ಎಂದು ಗದರಿದಳು. ನೀನು ನನ್ನ ಕಡೆ ತಿರುಗಿ ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದೆ. ನಾನು "ನೋಡ್ಕಳಿ" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದೆ. ಅಜ್ಜಿಗೆ ಇದೆಲ್ಲ ಏನು ಗೊತ್ತು ಎಂದುಕೊಂಡಿರುತ್ತೀರಿ.

ಗೊತ್ತಿತ್ತು. ಹೇಳಲು ಆಗಲಿಲ್ಲ. ಅದಕ್ಕೆ ಎರಡು ದಿನ ಮುಂಚೆ ಒಬ್ಬರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಿತ್ತು. ನಿಮ್ಮ ಅಮ್ಮ ಯಾರು ಎಂದು ಕೇಳಿದ್ದಕ್ಕೆ, ಹಿಂದೆ ಕೆಲಸದಲ್ಲಿ ಜೊತೆಗಿದ್ದವರು ಎಂದೆ. ಅಲ್ಲಿಗೆ ಮಾತು ಮುಗಿಯಿತು. ಮಣ್ಣಿಗೂ ಹೋಗಲಿಲ್ಲ, ಹನ್ನೊಂದನೇ ದಿನಕ್ಕೂ ಹೋಗುವುದಿಲ್ಲ. ಮಂಡಿ ನೋವು ಒಂದು ಕಾರಣ. ಹೋದರೆ ನೀವು ಅವರಿಗೆ ಏನಾಗಬೇಕು ಎಂದು ಯಾರಾದರೂ ಕೇಳುತ್ತಾರಲ್ಲ, ಅದಕ್ಕೆ ಉತ್ತರ ಇಲ್ಲದಿರುವುದು ಇನ್ನೊಂದು ಕಾರಣ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುವುದು ನನಗೆ ಒಸಿ ಸುಲಭ. ಏಳನೇ ಕ್ಲಾಸಿನವರೆಗೆ ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಬೆರಳ ಗಂಟುಗಳು ಬೇಗ ನೋಯುತ್ತವೆ, ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತಿದೆ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ನಾವ್ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೊಸದಾಗಿ ಸೇರಿದವರು ಯಾರಾದರೂ ಹೆಸರು ಕೇಳಿದರೆ, ಅದು ರೇಷನ್ ಕಾರ್ಡಿಗೆ ಇಟ್ಟಿರೋದು ಬುಡು, ನೀನು ದೊಡ್ಡಕ್ಕ ಅನ್ನು ಎನ್ನುತ್ತಿದ್ದರು. ಎಲ್ಲರಿಗೂ ಅವರು ದೊಡ್ಡಕ್ಕ. ನಾವು ಕೆಲಸ ಮಾಡುತ್ತಿದ್ದ ಕಡೆಯ ಯಜಮಾನರಿಗೂ, ಅವರೇ ವಯಸ್ಸಿನಲ್ಲಿ ದೊಡ್ಡವರಾದರೂ, ದೊಡ್ಡಕ್ಕನೇ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮ ಅಮ್ಮನಿಗೆ ಎಂಟು ವರ್ಷ. ವರ್ಷ ಕಳೆದ ಮೇಲೆ ನಾನು ಕುದೂರಿನ ಒಂದು ರೇಷ್ಮೆ ಮೊಟ್ಟೆ ಕೇಂದ್ರಕ್ಕೆ ಕೆಲಸಕ್ಕೆ ಸೇರಿದೆ. ಆಗ ನಾನು ಹೇಗಿದ್ದೆ ಎಂದರೆ, ಬಸ್ಸಿನಲ್ಲಿ ಕಂಡಕ್ಟರಿಗೆ ನಿಲ್ಲಿಸಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಬೇರೆ ಯಾರೂ ಇಳಿಯದಿದ್ದರೆ ಮುಂದಿನ ಸ್ಟಾಪಿನವರೆಗೆ ಹೋಗಿ, ಅಲ್ಲಿ ಇಳಿದು, ಅಷ್ಟು ದೂರ ನಡೆದುಕೊಂಡು ವಾಪಸ್ಸು ಬರುತ್ತಿದ್ದೆ. ಮೂರು ದಿನ ತಡವಾಗಿ ಬಂದ ಮೇಲೆ ದೊಡ್ಡಕ್ಕನಿಗೆ ಇದು ಗೊತ್ತಾಯಿತು. ನಗಲಿಲ್ಲ. ಮಾರನೆಯ ದಿನದಿಂದ ಬಸ್ಸು ಬರುವ ಹೊತ್ತಿಗೆ ರಸ್ತೆಗೆ ಬಂದು ಕೈ ಅಡ್ಡ ಹಿಡಿದು ನಿಲ್ಲತೊಡಗಿದರು. ಡ್ರೈವರು ಬೈದುಕೊಳ್ಳುತ್ತಲೇ ನಿಲ್ಲಿಸುತ್ತಿದ್ದ, ನಾನು ತಲೆ ತಗ್ಗಿಸಿ ಇಳಿಯುತ್ತಿದ್ದೆ. ಹೀಗೆ ಒಂದು ತಿಂಗಳು ನಡೆದಿರಬೇಕು. ಆಮೇಲೆ ಆ ಡ್ರೈವರಿಗೆ ರೂಢಿಯಾಗಿ ತಾನಾಗಿಯೇ ನಿಲ್ಲಿಸುತ್ತಿದ್ದ.

ನಮ್ಮ ಕೆಲಸ ಏನು ಎಂದು ನಿಮಗೆ ಹೇಳಬೇಕು. ಬಿತ್ತನೆ ಗೂಡುಗಳು ಬರುತ್ತಿದ್ದವು. ಒಂದು ನಮ್ಮ ಮಾಗಡಿ ಕಡೆಯ ಹಳದಿ ಗೂಡಿನ ಜಾತಿ, ಇನ್ನೊಂದು ಬಿಳಿ ಗೂಡಿನ ಜಾತಿ. ಹಳದಿಯ ಹೆಣ್ಣಿಗೆ ಬಿಳಿಯ ಗಂಡು ಕೂಡಬೇಕು, ಆ ಮೊಟ್ಟೆಯನ್ನೇ ರೈತರು ಒಯ್ಯುವುದು. ಅದಕ್ಕೆ ಮೊದಲು ಒಂದೊಂದೇ ಗೂಡಿನ ತುದಿ ಕುಯ್ದು, ಒಳಗೆ ಮಲಗಿರುವ ಕಂದು ಹುಳವನ್ನು ಅಂಗೈಗೆ ಬೀಳಿಸಿಕೊಂಡು, ಹೆಣ್ಣೋ ಗಂಡೋ ನೋಡಿ ಬೇರೆ ಬೇರೆ ತಟ್ಟೆಗೆ ಹಾಕಬೇಕು. ಬಾಲದ ಹತ್ತಿರ ಹೊಟ್ಟೆಯ ಮೇಲೆ ಹೆಣ್ಣಿಗೆ ಸಣ್ಣ ಗೀಟು, ಗಂಡಿಗೆ ಚುಕ್ಕೆ. ಹೆಣ್ಣಿನ ತಟ್ಟೆಯಲ್ಲಿ ಒಂದು ಗಂಡು ಉಳಿದರೂ, ಚಿಟ್ಟೆಗಳು ಹೊರಬಂದ ಬೆಳಿಗ್ಗೆಯೇ ತಮ್ಮ ಜಾತಿಯಲ್ಲೇ ಜೋಡಿಯಾಗಿ ಬಿಡುತ್ತವೆ. ಆ ಮೊಟ್ಟೆ ರೈತನ ಮನೆಗೆ ಹೋದರೆ ಅವನ ಒಂದು ಬೆಳೆ ಹೋದಂತೆ.

ನಾವೆಲ್ಲ ಗಡ್ಡ ಹೆರೆಯುವ ಬ್ಲೇಡನ್ನು ಅರ್ಧ ಮುರಿದುಕೊಂಡು ಕುಯ್ಯುತ್ತಿದ್ದೆವು. ದೊಡ್ಡಕ್ಕ ಮಾತ್ರ ತಮ್ಮ ಚಾಕುವಿನಲ್ಲಿ. ಮಡಚಿದರೆ ಹೆಬ್ಬೆರಳಿನಷ್ಟೇ ಉದ್ದ, ಆಲೆ ಮರದ ಹಿಡಿ, ಒಂದು ಕಾಲಕ್ಕೆ ಕೆಂಪು ಅರಗು ಬಳಿದಿದ್ದು ಹಿಡಿದು ಹಿಡಿದು ಅಲ್ಲಲ್ಲಿ ಉಳಿದಿತ್ತು. ಎಲೆಅಡಿಕೆ ಚೀಲವನ್ನು ಹೊರಗೆ ಮೊಳೆಗೆ ಸಿಗಿಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದು, ಚಾಕುವನ್ನು ಮಾತ್ರ ಸೊಂಟದಲ್ಲಿ ಸಿಗಿಸಿಕೊಂಡು ಒಳಗೆ ಬರುತ್ತಿದ್ದರು. ಗೂಡಿನ ತುದಿಯನ್ನು ಎಳನೀರಿನ ಮುಚ್ಚಳದ ಹಾಗೆ ಎತ್ತುತ್ತಿದ್ದರು. ಹುಳ ಅಂಗೈಗೆ ಜಾರಿದ ತಕ್ಷಣ ಹೆಣ್ಣಾದರೆ "ಬಾರವ್ವ" ಎಂದು ಬಲಕ್ಕೆ, ಗಂಡಾದರೆ "ನಡಿಯಪ್ಪ" ಎಂದು ಎಡಕ್ಕೆ. ದಿನವಿಡೀ ಅದೇ ಎರಡು ಮಾತು, ಬಾರವ್ವ, ನಡಿಯಪ್ಪ. ನಾನು ಸೇರಿದ ಮೊದಲ ವಾರ ಆ ದನಿ ಮನೆಗೆ ಬಂದರೂ ಕಿವಿಯಲ್ಲಿರುತ್ತಿತ್ತು.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ದೊಡ್ಡಕ್ಕ ತಮ್ಮ ಚಾಕು ಕೇಳಿದರು ಎಂದು ಎತ್ತಿ ಕೈಗೆ ಕೊಡಲು ಹೋದೆ. ಅವರು ಕೈ ಹಿಂದಕ್ಕೆಳೆದುಕೊಂಡರು. "ನೆಲಕ್ಕಿಡು ಅಮ್ಮಿ. ಬಂದ ದಿನವೇ ನಂಗೂ ನಿಂಗೂ ಜಗಳ ಬೇಕಾ?" ಉಪ್ಪು, ಮೆಣಸಿನಕಾಯಿ, ಚಾಕು ಇವನ್ನು ಕೈಯಿಂದ ಕೈಗೆ ಕೊಡಬಾರದು ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು, ಗಾಬರಿಯಲ್ಲಿ ಮರೆತಿದ್ದೆ. ಆಮೇಲೆ ಹನ್ನೆರಡು ವರ್ಷ ಪಕ್ಕಪಕ್ಕದಲ್ಲಿ ಕೂತು ಕುಯ್ದೆವು. ಒಂದು ಸಲವೂ ಅವರ ಚಾಕು ನನ್ನ ಕೈಗೆ ನೇರ ಬಂದಿಲ್ಲ. ಇಬ್ಬರ ನಡುವೆ ಒಂದು ಮರದ ಹಲಗೆ ಇತ್ತು, ಅದರ ಮೇಲಿಡುವುದು, ಅದರ ಮೇಲಿಂದ ಎತ್ತಿಕೊಳ್ಳುವುದು. ಹಾಗೇ ನಮ್ಮಿಬ್ಬರಲ್ಲಿ ಜಗಳವೂ ಆಗಲಿಲ್ಲ.

ಆ ಚಾಕು ಗೂಡಿಗೆ ಮಾತ್ರ ಅಲ್ಲ. ಊಟದ ಹೊತ್ತಿನಲ್ಲಿ ಸೀಬೆಕಾಯಿ ಹೋಳು ಮಾಡುವುದಕ್ಕೆ, ಯಾರದೋ ಕಾಲಿಗೆ ಹೊಕ್ಕ ಜಾಲಿ ಮುಳ್ಳು ತೆಗೆಯುವುದಕ್ಕೆ, ಹೊಲಿಗೆ ಬಿಟ್ಟ ರವಿಕೆಯ ದಾರಕ್ಕೆ, ಎಲ್ಲಕ್ಕೂ ಅದೇ. ಪ್ರತಿ ಕೆಲಸಕ್ಕೂ ತೊಳೆದು, ಸೆರಗಿಗೆ ಒರೆಸಿ, ಮಡಚಿ ಇಡುತ್ತಿದ್ದರು. ಒಂದು ದಿನ ಗೇಟಿನ ಮುಂದೆ ಮೊಪೆಡ್ಡಿನ ಹಿಂದೆ ಕೂತಿದ್ದ ಹೆಂಗಸಿನ ಸೆರಗು ಚಕ್ರಕ್ಕೆ ಸುತ್ತಿಕೊಂಡು ಕುತ್ತಿಗೆಗೆ ಬಿಗಿಯಿತು. ಎಲ್ಲರೂ ಕೂಗುತ್ತಿದ್ದರು. ದೊಡ್ಡಕ್ಕ ಓಡಲೂ ಇಲ್ಲ, ಬಿರಬಿರನೆ ನಡೆದು ಹೋಗಿ ಸೆರಗನ್ನು ಎರಡೇ ಎಳೆತಕ್ಕೆ ಕುಯ್ದರು. ಆ ಹೆಂಗಸು ಉಸಿರು ಬಂದ ಮೇಲೆ ಮೊದಲು ಅತ್ತಿದ್ದು ಮದುವೆಯ ಸೀರೆ ಹಾಳಾಯಿತು ಎಂದು. ದೊಡ್ಡಕ್ಕ ವಾಪಸ್ಸು ಬಂದು ಕೂತು, ಚಾಕು ಒರೆಸುತ್ತ, ಸೀರೆ ಚೆನ್ನಾಗೇ ಇತ್ತು ಪಾಪ ಎಂದರು.

ಬ್ಲೇಡಿನಿಂದ ನನ್ನ ಹೆಬ್ಬೆರಳು ಎರಡು ಸಲ ಕುಯ್ದುಕೊಂಡಿತು. ಎರಡನೇ ಸಲ ಆಳವಾಗಿತ್ತು. ಕೇಂದ್ರಕ್ಕೆ ಔಷಧಿ ಹೊಡೆದು ಬಾಗಿಲು ಮುಚ್ಚಿದ ದಿನ ರಜೆ ಸಿಕ್ಕಿದ್ದೇ, ದೊಡ್ಡಕ್ಕ ನನ್ನನ್ನು ಮಾಗಡಿ ಮೇಲೆ ರಾಮನಗರಕ್ಕೆ ಕರೆದುಕೊಂಡು ಹೊರಟರು. ಅವರ ಚಾಕುವನ್ನೇ ಒಂದು ದಿನ ಕೊಡಿ, ಅದರಲ್ಲೇ ಕಲಿಯುತ್ತೇನೆ ಎಂದು ನಾನು ಹೇಳಿ ನೋಡಿದ್ದೆ. ಬೇಡ ಎಂದಿದ್ದರು. ಇದು ನನ್ನ ಕೈಗೆ ಸವೆದಿದೆ, ನಿನ್ನ ಕೈ ನನ್ನ ಕೈ ಆಗುವುದು ಬೇಡ, ಮೊದಲನೇ ಚಾಕು ಅವರವರೇ ಆರಿಸಿಕೊಳ್ಳಬೇಕು ಎಂದರು. ಚಂದನಾ, ನೀನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರು.

ಗೂಡಿನ ಮಾರುಕಟ್ಟೆಯ ಹತ್ತಿರ ಒಂದು ಕಬ್ಬಿಣದ ಸಾಮಾನಿನ ಅಂಗಡಿ. ಗಡ್ಡ ನೆರೆತ ಭಾಯಿ ಒಬ್ಬರು ಹಲಗೆಯ ಮೇಲೆ ಟವೆಲು ಹಾಸಿ ಎಂಟೋ ಹತ್ತೋ ಚಾಕು ಇಟ್ಟರು. ನನ್ನ ಕಣ್ಣು ಹೋಗಿದ್ದು ಹಿತ್ತಾಳೆ ಕಟ್ಟಿದ, ಮಿರಮಿರ ಮಿಂಚುವ ಒಂದಕ್ಕೆ. ಬೆರಳು ತೋರಿಸುವುದಕ್ಕೂ ನಾಚಿಕೆ, ಸುಮ್ಮನೆ ಅದರ ಕಡೆ ನೋಡುತ್ತಿದ್ದೆ. ದೊಡ್ಡಕ್ಕ ಅದನ್ನೇ ಎತ್ತಿ, ಮಡಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಟಕಟಕ ಎಂದಿತು.

"ಇದು ಈಗ್ಲೇ ಇಷ್ಟು ಮಾತಾಡ್ತೈತೆ. ನೀನು ನೋಡಿದ್ರೆ ಬಾಯೇ ಬುಡಾಕಿಲ್ಲ. ಇಬ್ಬರ್ಗೂ ಹೊಂದಾಕಿಲ್ಲ ಬುಡು" ಎಂದು ಕೆಳಗಿಟ್ಟರು.

ಅಲಗು ಆಮೇಲೆ, ಮೊದಲು ಕೀಲು ನೋಡಬೇಕು ಎಂದರು. ಮಡಚುವ ಚಾಕುವಿನ ಜೀವ ಇರುವುದು ಕೀಲಿನಲ್ಲಿ. ಅದು ಸಡಿಲವಾದರೆ ಚೀಲದೊಳಗೇ ಬಿಚ್ಚಿಕೊಳ್ಳುತ್ತದೆ, ಕುಯ್ಯುವಾಗ ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಬಿಗಿಯಾದರೆ ಬೇಕಾದ ಹೊತ್ತಿಗೆ ತೆರೆಯುವುದಿಲ್ಲ. ಭಾಯಿಯಿಂದ ಒಂದು ಲೋಟ ನೀರು ಇಸಿದುಕೊಂಡು ನನ್ನ ಎರಡೂ ಕೈ ಒದ್ದೆ ಮಾಡಿಸಿದರು. ಒದ್ದೆ ಕೈಯಲ್ಲಿ, ಅದೂ ಎಡಗೈಯ ಉಗುರಿನಲ್ಲಿ ತೆಗೆಯಬೇಕಂತೆ. ನಿನಗೆ ಚಾಕು ಬೇಕಾಗುವಾಗ ಕೈ ಒಣಗಿರುವುದಿಲ್ಲ, ಬಲಗೈಯಲ್ಲಿ ಇನ್ನೇನೋ ಹಿಡಿದಿರುತ್ತೀಯ ಎಂದರು. ಮೂರು ಚಾಕು ತೆರೆಯಲೇ ಇಲ್ಲ. ಒಂದರಲ್ಲಿ ಉಗುರು ಮುರಿಯಿತು. ಭಾಯಿ, ಗುಂಡಿ ಒತ್ತಿದರೆ ತಾನೇ ಹಾರಿ ತೆರೆಯುವ ಒಂದನ್ನು ತೋರಿಸಿದರು. ದೊಡ್ಡಕ್ಕ ಅದನ್ನು ಮುಟ್ಟಲೂ ಇಲ್ಲ. ಅದು ಎದುರಿಗಿರುವವರಿಗೆ ತೋರಿಸಲು ಮಾಡಿರುವುದು, ನಮ್ಮದು ನಮ್ಮ ಕೆಲಸಕ್ಕೆ ಎಂದರು. ಅಲಗನ್ನು ನನ್ನ ನಡುಬೆರಳಿನ ಪಕ್ಕ ಹಿಡಿದು ಅಳೆದರು. ಬೆರಳಿಗಿಂತ ಉದ್ದವಿದ್ದರೆ ನಿನಗೂ ಭಯ, ಪೊಲೀಸಿನವರಿಗೂ ಕೆಲಸ. ಹೊಳೆಯುವ ಸ್ಟೀಲು ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಮೊಂಡಾದರೆ ಮನೆಯ ಕಲ್ಲಿಗೆ ಜಗ್ಗುವುದಿಲ್ಲ. ಕಪ್ಪು ಕಬ್ಬಿಣದ್ದಾದರೆ ಹೊಸಿಲ ಕಲ್ಲಿಗೇ ನಾಲ್ಕು ಸಲ ತೀಡಿದರೆ ಸಾಕು, ಒರೆಸಿಡುವ ಬುದ್ಧಿ ಮಾತ್ರ ಇರಬೇಕು. ಹಿಡಿ ಕಪ್ಪು ಬೇಡ. ಗೂಡಿನ ರಾಶಿಯಲ್ಲಿ ಬಿದ್ದರೂ, ಸೊಪ್ಪಿನಲ್ಲಿ ಬಿದ್ದರೂ ಕಾಣುವ ಬಣ್ಣ ಇರಬೇಕು.

ಇಷ್ಟೆಲ್ಲ ಆದ ಮೇಲೆ ಎರಡು ಉಳಿದವು. ದೊಡ್ಡಕ್ಕ ಎಲೆಅಡಿಕೆ ಚೀಲದಿಂದ ಒಂದು ಒಣ ಗೂಡು ತೆಗೆದರು. ಅದಕ್ಕಾಗಿಯೇ ತಂದಿದ್ದರು. ಕುಯ್ಯಿ ಎಂದರು. ಮೊದಲನೆಯದು ಗೂಡನ್ನು ಅಮುಕಿತು. ಎರಡನೆಯದು, ಚನ್ನಪಟ್ಟಣದಲ್ಲಿ ಕಡೆದ ಕೆಂಪು ಹಿಡಿಯ ಚಾಕು, ಸದ್ದಿಲ್ಲದೆ ಹೋಯಿತು. ಭಾಯಿ ಅಷ್ಟು ಹೊತ್ತೂ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದರು.

"ಅಮ್ಮಾ, ಗಂಡು ನೋಡಕ್ಕೂ ಯಾರೂ ಇಷ್ಟು ಹೊತ್ತು ತಗಳಲ್ಲ."

"ಅದ್ಕೇ ಕಣಪ್ಪ, ಅರ್ಧ ಜನ ಅಳ್ತಾ ಕೂತವ್ರೆ" ಎಂದರು ದೊಡ್ಡಕ್ಕ.

ನಿಮ್ಮ ತಾತ ಹೋದ ಮೇಲೆ ನಾನು ನಾಲ್ಕು ಜನರ ಮುಂದೆ ನಕ್ಕಿದ್ದು ಅವತ್ತೇ ಮೊದಲು. ಭಾಯಿ ಚಾಕು ಒರೆಸಿ ನನ್ನ ಕೈಗೆ ಚಾಚಲಿಲ್ಲ, ತಾವಾಗಿಯೇ ಹಲಗೆಯ ಮೇಲಿಟ್ಟರು. ನಾನು ಎತ್ತಿಕೊಂಡೆ.

ಆ ಚಾಕು ನೀವು ನೋಡಿದ್ದೀರಿ. ತುದಿ ಮುರಿದು, ದೇವರ ಗೂಡಿನ ಕೆಳಗೆ ಬಿಸ್ಕತ್ತಿನ ಡಬ್ಬದಲ್ಲಿದೆ.

ಇನ್ನು ಬರೆಯಬೇಕಾದ್ದು ಕಷ್ಟದ್ದು. ಎರಡು ದಿನ ಪೆನ್ನು ಮುಟ್ಟಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ದೊಡ್ಡಕ್ಕನ ಕಣ್ಣು ಮಂಜಾಗುತ್ತ ಬಂದಿತು. ಅವರು ಹೇಳಲಿಲ್ಲ. ನನಗೆ ಗೊತ್ತಾಗಿದ್ದು ಹೇಗೆಂದರೆ, ಅವರು ಹುಳವನ್ನು ಕಣ್ಣ ಹತ್ತಿರ ತರುವುದನ್ನೇ ಬಿಟ್ಟರು. ಹೆಬ್ಬೆರಳಿನಲ್ಲಿ ಹೊರಳಿಸಿ, ತೂಕ ನೋಡಿ, ಬಾರವ್ವ, ನಡಿಯಪ್ಪ ಎನ್ನತೊಡಗಿದರು. ಹೆಣ್ಣು ಹುಳ ಒಸಿ ದಪ್ಪ, ಒಸಿ ಭಾರ. ಅಷ್ಟು ವರ್ಷದ ಬೆರಳು ಅದು, ಬಹಳ ಮಟ್ಟಿಗೆ ಸರಿಯೇ ಇರುತ್ತಿತ್ತು. ನೂರಕ್ಕೆ ಒಂದೋ ಎರಡೋ ತಪ್ಪುತ್ತಿತ್ತು. ಅವರು ಸಾಯಂಕಾಲ ಕೈ ತೊಳೆಯಲು ಎದ್ದು ಹೋದಾಗ ನಾನು ಅವರ ತಟ್ಟೆಯ ಮೇಲೆ ಕಣ್ಣಾಡಿಸಿ ತಪ್ಪಿದ್ದನ್ನು ಎತ್ತಿ ಸರಿಯಾದ ಕಡೆ ಹಾಕುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಅವರಿಗೂ ಹೇಳಲಿಲ್ಲ. ಹೀಗೆ ಎರಡು ವರ್ಷ.

ಬೇಸಗೆಯಲ್ಲಿ ಒಂದು ದಿನ ನಿಮ್ಮ ಅಮ್ಮನಿಗೆ ಜ್ವರ ಏರಿದೆ ಎಂದು ಊರಿನಿಂದ ಹೇಳಿಕಳಿಸಿದರು. ಕಾಲೇಜಿಗೆ ಹೋಗುವ ಹುಡುಗಿ ಆಗ. ನಾನು ಅರ್ಧ ದಿನಕ್ಕೇ ಎದ್ದು ಅವಳನ್ನು ಮಾಗಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವತ್ತು ಬಂದಿದ್ದು ಸೊಪ್ಪು ಸರಿಯಾಗಿ ಸಿಗದೆ ಬೆಳೆದ ಹುಳ. ಹೆಣ್ಣೂ ಗಂಡಿನಷ್ಟೇ ತೆಳ್ಳಗೆ. ಕಣ್ಣಿಲ್ಲದೆ ಬೆರಳಿಗೆ ತಿಳಿಯುವಂಥದ್ದಲ್ಲ.

ವಾರ ಕಳೆದು ಚಿಟ್ಟೆ ಹೊರಬಂದ ಬೆಳಿಗ್ಗೆ, ಹೆಣ್ಣಿನ ಆರು ತಟ್ಟೆಗಳಲ್ಲಿ ಜೋಡಿಗಳು ರೆಕ್ಕೆ ಬಡಿಯುತ್ತ ಕೂತಿದ್ದವು. ತಟ್ಟೆಯ ಚೀಟಿ ಔಷಧಿ ನೀರಿಗೆ ನೆನೆದು ಯಾರದೆಂದು ಓದಲು ಬರುತ್ತಿರಲಿಲ್ಲ. ಯಜಮಾನರು ಕೆಟ್ಟವರಲ್ಲ, ಆದರೆ ಆ ಮೊಟ್ಟೆಗೆ ರೈತರು ಆಗಲೇ ಹೇಳಿಟ್ಟಿದ್ದರು. ಎಲ್ಲವನ್ನೂ ಸುಡಬೇಕಾಗಿತ್ತು. ಅವರು ನೇರ ನನ್ನ ಮುಂದೆ ಬಂದು ನಿಂತರು. ಅವತ್ತು ಅವಸರದಲ್ಲಿ ಎದ್ದು ಹೋದವಳು ನೀನು ತಾನೇ ಎಂದರು. ಕೋಣೆಯಲ್ಲಿದ್ದ ಎಲ್ಲರೂ ನನ್ನನ್ನು ನೋಡಿದರು.

ನನಗೆ ಎಲ್ಲ ಗೊತ್ತಿತ್ತು. ಹೇಳಬಹುದಾಗಿತ್ತು. ದೊಡ್ಡಕ್ಕನಿಗೆ ಕಣ್ಣು ಕಾಣುತ್ತಿಲ್ಲ, ಅವರು ಕುಯ್ಯಲಿ, ಹೆಣ್ಣು ಗಂಡು ನಾನು ನೋಡುತ್ತೇನೆ, ಇಬ್ಬರನ್ನೂ ಇಟ್ಟುಕೊಳ್ಳಿ ಎಂದು ಹೇಳಿದ್ದರೆ ಯಜಮಾನರು ಒಪ್ಪುತ್ತಿದ್ದರೋ ಏನೋ. ನಾನು ತಲೆ ತಗ್ಗಿಸಿ ನಿಂತೆ. ಮನಸ್ಸಿನಲ್ಲಿ ಓಡುತ್ತಿದ್ದದ್ದು ನಿಮ್ಮ ಅಮ್ಮನ ಓದು, ಕೆಲಸ ಹೋದರೆ ಏನು ಎಂಬುದು.

"ನಂದು ಕಣಪ್ಪ. ಅವಳದಲ್ಲ" ಎಂದರು ದೊಡ್ಡಕ್ಕ.

ಯಜಮಾನರು, ವಯಸ್ಸಾಯಿತು ದೊಡ್ಡಕ್ಕ, ಕೆಲವು ದಿನ ಮನೆಯಲ್ಲಿರಿ ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ದೊಡ್ಡಕ್ಕ ಕೈ ತೊಳೆದು, ಚಾಕು ತೊಳೆದು, ಒರೆಸಿ, ಮಡಚಿ, ನಮ್ಮಿಬ್ಬರ ನಡುವಿನ ಹಲಗೆಯ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ. ಮೊಳೆಯಿಂದ ಚೀಲ ತೆಗೆದುಕೊಂಡು ಹೊರಟರು. ಮರೆತು ಬಿಟ್ಟರೋ, ನನಗೆಂದು ಇಟ್ಟರೋ ತಿಳಿಯಲಿಲ್ಲ. ಕೂಗಿ ಕೇಳಲು ಬಾಯಿ ಬರಲಿಲ್ಲ. ಸಾಯಂಕಾಲದವರೆಗೂ ಅದು ಅಲ್ಲೇ ಇತ್ತು. ಕೊನೆಗೆ ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ.

ಅವರು ಕುದೂರು ಬಿಟ್ಟು ಹಾರೋಹಳ್ಳಿ ಕಡೆ ಮಗಳ ಊರಿಗೆ ಹೋದರು ಎಂದು ಆಮೇಲೆ ಕೇಳಿದೆ. ಹೋಗಿ ಕೊಟ್ಟು ಬರಬೇಕು ಎಂದುಕೊಂಡೆ. ಈ ಹಬ್ಬ ಕಳೆಯಲಿ, ನಿಮ್ಮ ಅಮ್ಮನ ಪರೀಕ್ಷೆ ಮುಗಿಯಲಿ, ಮದುವೆಯಾಗಲಿ, ಬಾಣಂತನವಾಗಲಿ ಎಂದು ವರ್ಷಗಳು ಹೋದವು. ಹೋಗಲು ದಾರಿ ಇರಲಿಲ್ಲ ಎಂದು ಹೇಳುವಂತಿಲ್ಲ. ಆರು ತಿಂಗಳಿಗೊಮ್ಮೆ ಆ ಚಾಕು ತೆಗೆದು ಕೀಲಿಗೆ ಒಂದು ತೊಟ್ಟು ಎಣ್ಣೆ ಹಾಕಿ ಮತ್ತೆ ಸುತ್ತಿಡುತ್ತಿದ್ದೆ. ನನ್ನಿಂದಾದದ್ದು ಅಷ್ಟೇ.

ಚಂದನಾ, ಎರಡು ತಿಂಗಳ ಹಿಂದೆ ನೀನು ಕೆಲಸಕ್ಕೆ ಸೇರಿದ ದಿನ ಜೊತೆಗೆ ನಾನೂ ಬರುತ್ತೇನೆ ಎಂದಾಗ ಎಲ್ಲರಿಗೂ ಆಶ್ಚರ್ಯವಾಯಿತು. ಬಿಡದಿಯಲ್ಲಿ ಬಸ್ಸು ಬದಲಿಸಿದೆವು, ಬೈರಮಂಗಲದ ಕೆರೆ ದಾಟುವಾಗ ನೀನು ಮೂಗಿಗೆ ವೇಲು ಹಿಡಿದುಕೊಂಡೆ. ನಿನ್ನನ್ನು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು, ನೀನು ಬರುವವರೆಗೆ ದೇವಸ್ಥಾನದಲ್ಲಿ ಕೂತಿರುತ್ತೇನೆ ಎಂದೆ. ಅದು ಸುಳ್ಳು. ಅಲ್ಲಿಂದ ಆಟೋ ಹಿಡಿದು ದೊಡ್ಡಕ್ಕನ ಮಗಳ ಊರಿಗೆ ಹೋದೆ.

ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎರಡು ಕಣ್ಣೂ ಬಿಳಿಯಾಗಿದ್ದವು. ಹುಳುಕು ಕಾಳು ಬೆರಳಿಗೆ ಸಿಕ್ಕ ಕೂಡಲೇ ಪಕ್ಕಕ್ಕೆ ಎಸೆಯುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ನಿಂತೆ. ಯಾರು ಎಂದು ಕೇಳಿದರು. ಬಾಯಿ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದು, "ಇಷ್ಟು ಹೊತ್ತು ಮಾತಾಡ್ದೆ ನಿಂತ್ಕಳಾಕೆ ನಿನ್ನ ಬುಟ್ರೆ ಇನ್ಯಾರ್ಗೂ ಬರಾಕಿಲ್ಲ. ಕೂತ್ಕ ಅಮ್ಮಿ" ಎಂದರು.

ಕೂತೆ. ನಿಮ್ಮ ಬಗ್ಗೆ, ನಿಮ್ಮ ಅಮ್ಮನ ಬಗ್ಗೆ ಕೇಳಿದರು. ನಾನು ಕರವಸ್ತ್ರ ಬಿಚ್ಚಿ ಚಾಕು ತೆಗೆದು ಅವರ ಮುಂದೆ ನೆಲದ ಮೇಲಿಟ್ಟೆ. ನಿಮ್ಮ ಚಾಕು, ಮುಂದೆ ಇಟ್ಟಿದ್ದೇನೆ ಎಂದೆ. ಅವರ ಕೈ ನೆಲ ತಡವಿತು. ಸಿಪ್ಪೆ ಸಿಕ್ಕಿತು, ಕಾಳು ಸಿಕ್ಕಿತು, ಚಾಕು ಸಿಗಲಿಲ್ಲ. ನಾನು ಬೆರಳಲ್ಲಿ ಒಸಿ ಹತ್ತಿರಕ್ಕೆ ತಳ್ಳಿದೆ. ಕೈ ಅದರ ಪಕ್ಕದಲ್ಲೇ ಹಾದು ಹೋಯಿತು. ಒಂದೊಂದು ಹುಳದ ತೂಕ ತಿಳಿಯುತ್ತಿದ್ದ ಕೈ ಅದು. ಮತ್ತೆ ತಡವಿದರು. ನನಗೆ ನೋಡಲಾಗಲಿಲ್ಲ. ಎತ್ತಿ ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಉಗುರಿನಲ್ಲಿ ತೆರೆದರು, ಮಡಚಿದರು.

"ಎಣ್ಣೆ ಬುಟ್ಟಿದ್ದೀಯ" ಎಂದರು. ಆಮೇಲೆ, "ಕೈಗೇ ಕೊಟ್ಬುಟ್ಯಲ್ಲ ಅಮ್ಮಿ. ಈಗ ಜಗಳ ಆಗ್ಬೇಕು."

ತಮಾಷೆ ಎಂದು ನಕ್ಕೆ. ಅವರು ನಗಲಿಲ್ಲ.

"ಆಡು ಮತ್ತೆ. ಇಷ್ಟು ವರ್ಸದಲ್ಲಿ ಒಂದಿನಾನಾದ್ರೂ ನನ್ನತ್ರ ಜಗಳ ಆಡಿದ್ದೀಯ?"

ಅವತ್ತು ಯಜಮಾನರು ಕೇಳಿದಾಗ ನಾನು ಬಾಯಿ ಬಿಡಲಿಲ್ಲ, ಅದು ತಪ್ಪು ಎಂದು ಹೇಳಿದೆ.

"ಅದ್ಕಲ್ಲ ಕಣೆ ನಂಗೆ ಸಿಟ್ಟು. ಮಾತಾಡೋಳಾಗಿದ್ರೆ ನೀನ್ಯಾಕೆ ಸ್ಟಾಪು ದಾಟ್ಕಂಡು ನಡ್ಕಂಡ್ ಬತ್ತಿದ್ದೆ? ನನ್ನ ತಟ್ಟೆ ನೋಡ್ತಿದ್ಯಲ್ಲ, ಎಷ್ಟು ದಿನ ನೋಡ್ದೆ?"

ಅವರಿಗೆ ಆಗ ಗೊತ್ತಿರಲಿಲ್ಲವಂತೆ. ಮನೆಗೆ ಬಂದು ಕೂತ ಮೇಲೆ ಯೋಚನೆ ಮಾಡಿದರಂತೆ. ಅಷ್ಟು ವರ್ಷ ತಪ್ಪದ ತಟ್ಟೆ, ನಾನಿಲ್ಲದ ಒಂದೇ ದಿನ ಯಾಕೆ ತಪ್ಪಿತು ಎಂದು.

"ಎರಡು ವರ್ಸ" ಎಂದೆ.

"ಎರಡು ವರ್ಸ ನನ್ನ ಬೆರಳು ಸರ್ಯಾಗೈತೆ ಅಂತ್ಲೇ ತಿಳ್ಕಂಡಿದ್ದೆ. ನೀನು ಒಂದು ಮಾತು ಹೇಳಿದ್ರೆ ನಾನಾಗೇ ಎದ್ದು ಬತ್ತಿದ್ದೆ. ಅಷ್ಟು ಜನದ ಮುಂದೆ ಆ ಚಿಟ್ಟೆಗಳ ಕೈಲಿ ಹೇಳಿಸ್ಕಬೇಕಾಗಿತ್ತಾ ನಾನು?"

"ಹೆಂಗೆ ಹೇಳ್ಲಿ ದೊಡ್ಡಕ್ಕ? ನೀವು ಕಲ್ಸಿದ ಕೆಲ್ಸದಲ್ಲಿ ನಿಮ್ದೇ ತಪ್ಪು ಅನ್ಲಾ?"

"ಅನ್ಬೇಕಿತ್ತು."

"ಅಂದಿದ್ರೆ ಕೇಳ್ತಿದ್ರಾ?"

"ಕೇಳ್ತಿರ್ನಿಲ್ಲ. ಬಯ್ತಿದ್ದೆ. ಎರಡು ದಿನ ಮಾತು ಬುಡ್ತಿದ್ದೆ. ಆಮೇಕೆ ಕೇಳ್ತಿದ್ದೆ."

ನನ್ನ ದನಿ ಏರಿತ್ತು. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಒಳಗಿಂದ ಮಗಳು ಗಾಬರಿಯಾಗಿ ಓಡಿಬಂದಳು. ದೊಡ್ಡಕ್ಕ ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿ, "ಏನಿಲ್ಲ, ಜಗಳ ಆಡ್ತಾ ಇದ್ದೀವಿ. ನೀನು ಕಾಪಿ ಮಾಡು ಹೋಗು" ಎಂದರು.

ಕಾಫಿ ಕುಡಿದು, ಉಳಿದ ಅವರೆಕಾಯನ್ನು ಇಬ್ಬರೂ ಸುಲಿದೆವು. ಚಾಕು ಅವರ ಮಡಿಲಲ್ಲೇ ಇತ್ತು. ಅದನ್ನು ಹಲಗೆಯ ಮೇಲಿಟ್ಟು ಹೋದದ್ದು ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬತ್ತೀನಿ ಎಂದಾಗ, ಬಾ ಎಂದರು. ಮತ್ತೆ ಹೋಗಲು ಆಗಲಿಲ್ಲ. ಆ ಚಾಕು ಈಗ ಎಲ್ಲಿದೆಯೋ.

ಚಂದನಾ, ಮೊಬೈಲಿನಲ್ಲಿ ತರಿಸಬೇಡ. ಕೀಲಿನ ಸದ್ದು ಅದರಲ್ಲಿ ಕೇಳುವುದಿಲ್ಲ. ನನ್ನ ಚಾಕುವೂ ಬೇಡ, ಅದು ನನ್ನ ಕೈಗೆ ಸವೆದಿದೆ. ಬರುವ ಭಾನುವಾರ ಮೂವರೂ ಪೇಟೆಗೆ ಹೋಗೋಣ. ಭಾಯಿಯ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲು ರಿಪೇರಿ ಮಾಡುತ್ತಾರೆ, ಬೇರೆ ಅಂಗಡಿ ಹುಡುಕಿದರಾಯಿತು. ಒಂದು ಒಣ ಗೂಡು ನಾನು ತರುತ್ತೇನೆ. ಒಂದು ಲೋಟ ನೀರನ್ನು ಅಂಗಡಿಯವರ ಹತ್ತಿರ ನಾನೇ ಬಾಯಿಬಿಟ್ಟು ಕೇಳುತ್ತೇನೆ. ಆರಿಸುವವಳು ನೀನು. ಆರಿಸಿದ ಮೇಲೆ ಅದನ್ನು ನಾನು ಹಲಗೆಯ ಮೇಲಿಡುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ.

ಇನ್ನೊಂದು ಮಾತು. ಈಚೆಗೆ ನಾನು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೇನೆ. ನೀನು ಸದ್ದಿಲ್ಲದೆ ಬಿಸಿನೀರು ಬೆರೆಸುತ್ತೀಯ, ತೇಜಸ್ ಮಜ್ಜಿಗೆ ಹಾಕಿಕೊಂಡು ಚೆನ್ನಾಗಿದೆ ಎನ್ನುತ್ತಾನೆ. ನಾನು ನೋಡಿದ್ದೇನೆ. ಹಾಗೆ ಮಾಡಬೇಡಿ. ಉಪ್ಪಾಯಿತು ಎಂದು ಹೇಳಿ. ನಾನು ಬಯ್ಯುತ್ತೇನೆ, ಎರಡು ದಿನ ಮಾತು ಬಿಡುತ್ತೇನೆ, ಆಮೇಲೆ ಸರಿಹೋಗುತ್ತೇನೆ.

ಈ ಹಾಳೆಗಳನ್ನು ಓದಿ ನಿಮ್ಮ ಅಮ್ಮನಿಗೂ ಓದಲು ಕೊಡಿ. ಆಮೇಲೆ ಮಡಚಿ ಬಿಸ್ಕತ್ತಿನ ಡಬ್ಬದಲ್ಲಿ ನನ್ನ ಚಾಕುವಿನ ಕೆಳಗೆ ಇಡಿ. ನಾಲ್ಕು ಬೇವಿನೆಲೆ ಹಾಕಿ, ಹುಳ ಹತ್ತದಿರಲಿ. ಅವರ ಹೆಸರಿಲ್ಲದಿದ್ದರೂ ಅವರ ವಿಷಯ ಬರೆದಿರುವುದು ಇದೊಂದರಲ್ಲೇ. ಕಳೆಯಬೇಡಿ ಮಕ್ಕಳೇ.